ಕೋಟೆ ಒಡೆದ ಜಾಗದಲ್ಲಿ ಒಂದು ತೋಟ ಮಾಡಿಸಿ: ಶ್ರೀರಂಗಪಟ್ಟಣ ಕ್ಷೇತ್ರದ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ನಾನು ಅರಕೆರೆ ಕಡೆಯವನು. ರಸ್ತೆ ಬದಿಯಲ್ಲಿ ಸಣ್ಣದೊಂದು ನರ್ಸರಿ ಇಟ್ಟುಕೊಂಡು ಇಪ್ಪತ್ತು ವರ್ಷ ದಾಟಿತು. ತೆಂಗಿನ ಸಸಿ, ಮಾವಿನ ಕಸಿಗಿಡ, ಮನೆ ಮುಂದೆ ಹಾಕುವ ಹೂವಿನ ಗಿಡ, ಇವೇ ನನ್ನ ವ್ಯಾಪಾರ. ಒಂದು ಅರ್ಜಿ ಬರೆದು ನಿಮ್ಮ ಕಚೇರಿಗೆ ಕೊಟ್ಟು ಬರಬಹುದಿತ್ತು. ಆದರೆ ಈ ವಿಷಯ ನನ್ನೊಬ್ಬನದಲ್ಲ, ಊರವರೂ ಓದಲಿ, ಸರಿ ಅನಿಸಿದರೆ ಅವರೂ ನಿಮ್ಮನ್ನು ಕೇಳಲಿ ಅಂತ ಹೀಗೆ ಬರೆಯುತ್ತಿದ್ದೇನೆ.

ನಾನು ಕೇಳುವುದು ಇಷ್ಟೇ. 1799ರ ಮೇ 4ರಂದು ಇಂಗ್ಲಿಷರು ಟಿಪ್ಪುವಿನ ಶ್ರೀರಂಗಪಟ್ಟಣದ ಕೋಟೆಗೆ ಗೋಡೆ ಒಡೆದು ನುಗ್ಗಿದ ಜಾಗದ ಹತ್ತಿರ, ಅಲ್ಲಿ ಸತ್ತ ಸಾಮಾನ್ಯ ಜನರ ನೆನಪಿಗೆ ಒಂದು ತೋಟ ಮಾಡಿಸಿ. ಆ ತೋಟದಲ್ಲಿ ಒಂದು ವೀರಗಲ್ಲು ನಿಲ್ಲಿಸಿ.

ಈ ವರ್ಷ ಮೇ 4ಕ್ಕೆ ನರ್ಸರಿ ಬಾಗಿಲು ಹಾಕಿ, ನಮ್ಮ ಭಾವನನ್ನು ಕರೆದುಕೊಂಡು ಪಟ್ಟಣಕ್ಕೆ ಹೋಗಿದ್ದೆ. ಭಾವ ಸೇನೆಯಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು. ಬೇಕೆಂದೇ ಮಧ್ಯಾಹ್ನ ಒಂದು ಗಂಟೆಗೆ ಕೋಟೆಯ ವಾಯವ್ಯ ಮೂಲೆಗೆ ಹೋಗಿ ನಿಂತೆವು. ಇಂಗ್ಲಿಷರ ಫಿರಂಗಿಗಳು ಗೋಡೆ ಒಡೆದದ್ದು ಆ ಕಡೆಯೇ. ಅವರು ಹೊಳೆಗೆ ಇಳಿದದ್ದೂ ಅದೇ ಹೊತ್ತಿಗೆ. ಕಾಲಡಿ ಕಲ್ಲು ಕಾದು ಚಪ್ಪಲಿಯೊಳಗೂ ಬಿಸಿ ತಾಗುತ್ತಿತ್ತು. ಹೊಳೆಯಲ್ಲಿ ಬಂಡೆಗಳ ಬೆನ್ನೆಲ್ಲ ಕಾಣುತ್ತಿತ್ತು. ನಡುವೆ ಸಣ್ಣಗೆ ನೀರು ಹರಿಯುತ್ತಿತ್ತು.

"ಈ ಬಿಸಿಲಲ್ಲಿ ಯಾರು ದಾಳಿ ಮಾಡ್ತಾರೆ ಅಂತ ಒಳಗಿದ್ದವರು ಅಂದುಕೊಂಡಿರ್ತಾರೆ. ಅದಕ್ಕೇ ಈ ಹೊತ್ತು ನೋಡಿದ್ದಾರೆ" ಅಂದರು ಭಾವ. ಅವರು ಹೇಳಿದ್ದು ಸರಿ. ಕೋಟೆಯೊಳಗಿನವರು ಊಟಕ್ಕೆ, ನೆರಳಿಗೆ ಹೋಗುವ ಹೊತ್ತು ಅಂತಲೇ ಆ ಗಂಟೆಯನ್ನು ಆರಿಸಿಕೊಂಡಿದ್ದರು. ದಾಳಿಯ ಮುಂದಾಳು ಡೇವಿಡ್ ಬೇರ್ಡ್. 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಮೈಸೂರು ಸೈನ್ಯಕ್ಕೆ ಸೆರೆ ಸಿಕ್ಕಿ, 1784ರವರೆಗೆ ಇದೇ ಪಟ್ಟಣದ ಸೆರೆಮನೆಯಲ್ಲಿ ಇದ್ದವನು ಆತ. ಈ ಕಡೆ ಗೋಡೆ ಕಾಯುತ್ತಿದ್ದ ಸಯ್ಯದ್ ಗಫಾರ್ ದಾಳಿಗೆ ಸ್ವಲ್ಪ ಮುಂಚೆ ಫಿರಂಗಿ ಗುಂಡಿಗೆ ಸಿಕ್ಕಿ ಸತ್ತ. ಆ ಸುದ್ದಿ ಬಂದಾಗ ಟಿಪ್ಪು ಊಟಕ್ಕೆ ಕೂತಿದ್ದ. ಅರ್ಧಕ್ಕೇ ಕೈತೊಳೆದು ಎದ್ದು ಹೋದ. ಇಂಗ್ಲಿಷರ ಪಾಳೆಯದಲ್ಲಿ ಅಕ್ಕಿ, ಬೇಳೆ ಮುಗಿಯುತ್ತಾ ಬಂದಿತ್ತು. ಇನ್ನು ಕೆಲವು ವಾರ ತಡೆದಿದ್ದರೆ ಮಳೆ ಬಂದು ಹೊಳೆ ತುಂಬುತ್ತಿತ್ತು, ಅವರು ಪಾಳೆಯ ಕಿತ್ತು ಹೋಗಲೇಬೇಕಿತ್ತು. ಅಷ್ಟು ಹತ್ತಿರದಲ್ಲಿ ತಪ್ಪಿತು.

ಹಾಗೆ ವಾಪಸು ಹೋದದ್ದೂ ಉಂಟು. 1791ರ ಮೇ 15ರಂದು ನಮ್ಮ ಅರಕೆರೆ ಹತ್ತಿರವೇ ಇಂಗ್ಲಿಷರ ದಂಡನಾಯಕ ಕಾರ್ನ್‌ವಾಲಿಸ್‌ಗೂ ಟಿಪ್ಪುವಿಗೂ ಯುದ್ಧ ಆಯ್ತು. ಕಾರ್ನ್‌ವಾಲಿಸ್ ಗೆದ್ದ. ಆದರೆ ಮಳೆ ಹಿಡಿದು, ಎತ್ತುಗಳು ಸತ್ತು, ದವಸ ಮುಗಿದು, ತಂದಿದ್ದ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಾಕಿ ಹಿಂದಕ್ಕೆ ಹೋದ. ನಮ್ಮ ಮನೆಯಲ್ಲಿ ಒಂದು ಕಬ್ಬಿಣದ ಗುಂಡಿದೆ. ಬೇಲದ ಹಣ್ಣಿನಷ್ಟು ದಪ್ಪ. ತಾತ ಹೊಲ ಉಳುವಾಗ ನೇಗಿಲಿಗೆ ತಗುಲಿತಂತೆ. ಅಜ್ಜಿ ಅದನ್ನು ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲೆ ಭಾರಕ್ಕೆ ಇಡುತ್ತಿದ್ದರು. ಚಿಕ್ಕವನಿದ್ದಾಗ ಅದನ್ನು ಹಜಾರದಲ್ಲಿ ಉರುಳಿಸಿ ಬೈಸಿಕೊಂಡಿದ್ದೇನೆ. ಎತ್ತಿದರೆ ಈಗಲೂ ಅಂಗೈಗೆ ತುಕ್ಕಿನ ಪುಡಿ ಅಂಟುತ್ತದೆ. ಅದು ಯಾರಿಗೆ ತಗುಲಿತೋ, ಯಾರಿಗೆ ತಪ್ಪಿತೋ ಅಂತ ಅಜ್ಜಿ ಇದ್ದಾಗ ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಅದನ್ನು ಕೈಗೆ ತೆಗೆದುಕೊಂಡಾಗೆಲ್ಲ ಅದೇ ಯೋಚನೆ ಬರುತ್ತದೆ.

ಕೋಟೆ ಒಡೆದ ಜಾಗದ ಹತ್ತಿರ ಎತ್ತರದ ಒಂದು ಸ್ಮಾರಕ ಕಂಬ ಇದೆ, ನೀವು ನೋಡಿರುತ್ತೀರಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ್ದು. ಇಂಗ್ಲಿಷ್ ಸೈನ್ಯದ ದಂಡನಾಯಕ ಜನರಲ್ ಹ್ಯಾರಿಸ್ ಮುಂದಾಳತ್ವದಲ್ಲಿ ಕೋಟೆ ಹಿಡಿದದ್ದರ ನೆನಪಿಗೆ, ಆಗ ಸತ್ತ ಇಂಗ್ಲಿಷ್ ಕಡೆಯ ಅಧಿಕಾರಿಗಳ ನೆನಪಿಗೆ ಅಂತ ಅದರಲ್ಲಿ ಕೆತ್ತಿದೆ. ಭಾವ ಕನ್ನಡಕ ಏರಿಸಿಕೊಂಡು ಒಂದೊಂದೇ ಹೆಸರು ಓದಿದರು. ಕ್ಯಾಪ್ಟನ್ ಇಂಥವರು, ಲೆಫ್ಟಿನೆಂಟ್ ಇಂಥವರು. ಎಲ್ಲ ಓದಿ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹವಾಲ್ದಾರ್ ಒಬ್ಬನೂ ಸಾಯಲಿಲ್ವಾ?" ಅಂದರು.

ಆ ಅಧಿಕಾರಿಗಳ ಹೆಸರು ಅಳಿಸಿ ಅಂತ ನಾನು ಕೇಳುತ್ತಿಲ್ಲ. ಸತ್ತವರು ಸತ್ತವರೇ, ಅವರಿಗೂ ತಾಯಿ ತಂದೆ ಇದ್ದರು. ಹೊಳೆ ದಡದ ಗ್ಯಾರಿಸನ್ ಸ್ಮಶಾನದಲ್ಲಿ ಸುಮಾರು 300 ಗೋರಿಗಳಿವೆ. ಇಂಗ್ಲಿಷರ ಪರ ಕಾದಿದ ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ರೆಜಿಮೆಂಟಿನವರು, ಅವರ ಹೆಂಡಿರು ಮಕ್ಕಳು ಅಲ್ಲಿ ಮಲಗಿದ್ದಾರೆ. ಎಲ್ಲಿಂದಲೋ ಬಂದು ನಮ್ಮ ಕಾವೇರಿ ದಡದಲ್ಲಿ ಮಣ್ಣಾದವರು. ಆ ಕಲ್ಲುಗಳನ್ನು ಜೋಪಾನ ಮಾಡಬೇಕು. ಟಿಪ್ಪುವಿನ ಸಮಾಧಿ ಇರುವ ಗುಂಬಜ್ ಪಕ್ಕ ಇಂಗ್ಲಿಷರ ಕರ್ನಲ್ ಬೇಲಿ ಎಂಬಾತನ ಸ್ಮಾರಕ ಇದೆ. 1782ರಲ್ಲಿ ಸೆರೆಯಲ್ಲೇ ಸತ್ತವನು ಆತ, ಅವನ ಬಂಧುವೊಬ್ಬರು 1816ರಲ್ಲಿ ಕಟ್ಟಿಸಿದ್ದು. ಟಿಪ್ಪುವಿನ ಹೆಣ ಸಿಕ್ಕಿದ ಜಾಗದಲ್ಲೂ ಒಂದು ಕಲ್ಲಿದೆ. ಗೆದ್ದವರಿಗೂ ಕಲ್ಲಿದೆ, ಸೋತ ದೊರೆಗೂ ಕಲ್ಲಿದೆ. ಆ ದೊರೆಯ ಹೆಣವನ್ನು ರಾತ್ರಿ ಪಂಜಿನ ಬೆಳಕಿನಲ್ಲಿ ಹುಡುಕುವಾಗ ಅವನ ಮೇಲೆ, ಕೆಳಗೆ, ಪಕ್ಕದಲ್ಲಿ ರಾಶಿ ಬಿದ್ದಿದ್ದ ಹೆಣಗಳು ಯಾರವು?

ಆ ದಿನ ಸಾವಿರಾರು ಜನ ಸತ್ತರು. ಮೈಸೂರು ಸೈನ್ಯದಲ್ಲಿ ಕಂದಾಚಾರದವರು ಅಂತ ಇದ್ದರು. ಹಳ್ಳಿಗಳಿಂದ ಬರುವ ಕಾಲಾಳುಗಳು. ಊರಲ್ಲಿದ್ದಾಗ ಹೊಲದ ಕೆಲಸ, ಕರೆ ಬಂದರೆ ಕೋಟೆ ಕಾವಲು. ಫಿರಂಗಿ ಎಳೆಯಲು ಎತ್ತುಗಳಿದ್ದವು, ಎತ್ತು ಹೊಡೆಯುವವರಿದ್ದರು. ನೀರು ಹೊರುವವರು, ಗೋಡೆ ಒಡೆದಾಗ ಮಣ್ಣು ತುಂಬುವವರು ಇದ್ದರು. ಆ ಕಡೆಯಲ್ಲೂ ಅಷ್ಟೇ, ಹ್ಯಾರಿಸ್ ಸೈನ್ಯದಲ್ಲಿ ಬಿಳಿಯರಿಗಿಂತ ಜಾಸ್ತಿ ಇದ್ದವರು ನಮ್ಮ ದೇಶದ ಸಿಪಾಯಿಗಳೇ. ಮದ್ರಾಸಿನವರು, ಬಾಂಬೆಯವರು, ನಿಜಾಮನ ಕಡೆಯವರು. ಇವರಲ್ಲಿ ಒಬ್ಬನ ಹೆಸರು ಕೆತ್ತಿದ ಕಲ್ಲನ್ನೂ ನಾನು ಪಟ್ಟಣದಲ್ಲಿ ಕಂಡಿಲ್ಲ.

ಇದು ನಮ್ಮ ಪದ್ಧತಿ ಅಲ್ಲ ಸ್ವಾಮಿ. ದನ ಕಾಯಲು ಹೋಗಿ ಸತ್ತವನಿಗೂ ವೀರಗಲ್ಲು ನಿಲ್ಲಿಸಿದವರು ನಾವು. ನಮ್ಮ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ನಿಮಗೆ ಗೊತ್ತಿರುತ್ತದೆ. ಸುಮಾರು 950ರ ಕಾಲದ್ದು. ಕಾಳಿ ಅನ್ನುವ ಬೇಟೆನಾಯಿ ಹಂದಿಯ ಜೊತೆ ಕಾದಾಡಿತು, ನಾಯಿಯೂ ಸತ್ತಿತು, ಹಂದಿಯೂ ಸತ್ತಿತು. ಆ ನಾಯಿಗಾಗಿ ಕಲ್ಲು ಕೆತ್ತಿಸಿ ಗುಡಿಯ ಮುಂದೆ ನಿಲ್ಲಿಸಿದರು, ಪೂಜೆಗೆ ಅಂತ ಭೂಮಿ ಬಿಟ್ಟರು. ಪೂಜಾರಿ ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪ ಅಂತಲೂ ಬರೆಸಿದರು. ರಾಷ್ಟ್ರಕೂಟರು ಚೋಳರನ್ನು ಸೋಲಿಸಿದ ತಕ್ಕೋಲದ ಯುದ್ಧದ ಸುದ್ದಿ ಇರುವುದೂ ಅದೇ ಕಲ್ಲಿನ ಮೇಲೆ. ರಾಜರ ಯುದ್ಧ, ನಾಯಿಯ ಹೆಸರು ಎರಡೂ ಒಂದೇ ಕಲ್ಲಿನಲ್ಲಿ. ಒಂದು ನಾಯಿಯ ಹೆಸರನ್ನು ಸಾವಿರ ವರ್ಷ ಉಳಿಸಿದ ಜಿಲ್ಲೆಯಲ್ಲಿ ಇಷ್ಟೊಂದು ಮನುಷ್ಯರಿಗೆ ಒಂದು ಕಲ್ಲಿಲ್ಲ.

ಟಿಪ್ಪುವಿನ ಬಗ್ಗೆ ನಮ್ಮಲ್ಲಿ ಎಷ್ಟು ಜಗಳ ಇದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆ ಜಗಳಕ್ಕೆ ಈ ತೋಟವನ್ನು ಎಳೆಯಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಇದಕ್ಕೆ ಯಾವ ದೊರೆಯ ಹೆಸರೂ ಬೇಡ, ಯಾವ ಪಕ್ಷದ ಬಣ್ಣವೂ ಬೇಡ. ಎರಡೂ ಕಡೆ ಸತ್ತ ಸಾಮಾನ್ಯರಿಗೆ ಇರಲಿ. ಕಲ್ಲಿನಲ್ಲಿ ಕೆಳಗೆ ಕಾದಾಟ, ನಡುವೆ ಅವರನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಸೂರ್ಯ ಚಂದ್ರ ಇದ್ದರೆ ಸಾಕು. ಹೆಸರಿನ ಜಾಗ ಖಾಲಿ ಬಿಡಲಿ.

ತೋಟ ಯಾಕೆ, ಭವನ ಯಾಕಲ್ಲ ಅಂತ ನೀವು ಕೇಳಬಹುದು. ಮೊದಲ ಕಾರಣ ಕಾನೂನು. ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಗಿಡ ನೆಡಲೂ ಪುರಾತತ್ವದವರನ್ನು ಕೇಳಲೇಬೇಕು. ಆದರೆ ಗಿಡಕ್ಕೆ ಗೋಡೆ ಎಬ್ಬಿಸುವುದು ಬೇಡ, ಕಾಂಕ್ರೀಟ್ ಬೇಡ. ಅವರನ್ನೂ ತೋಟಗಾರಿಕೆಯವರನ್ನೂ ಒಂದೇ ಮೇಜಿಗೆ ಕೂರಿಸುವುದು ನಿಮ್ಮಿಂದ ಆಗುವ ಕೆಲಸ, ನಮ್ಮಂಥವರಿಂದ ಆಗುವುದಿಲ್ಲ.

ಎರಡನೆಯದು ನನ್ನ ಮನಸ್ಸಿನ ಮಾತು. ಶ್ರೀರಂಗಪಟ್ಟಣ ಮೊದಲಿಂದಲೂ ತೋಟಗಳ ಊರು. 1784ರ ದರಿಯಾ ದೌಲತ್ ತೋಟದ ಅರಮನೆ ಇವತ್ತಿಗೂ ಇದೆ. ಅದರ ಪಡುವಣ ಗೋಡೆಯ ಮೇಲೆ ಪೊಳ್ಳಿಲೂರಿನ ಯುದ್ಧ ಬಣ್ಣದಲ್ಲಿದೆ. ಆ ಚಿತ್ರದಲ್ಲಿ ಆನೆ, ಕುದುರೆ, ಸಾಲುಸಾಲು ಕಾಲಾಳು ಎಲ್ಲ ಇದ್ದಾರೆ. ಅವರ ಮುಖ ನೋಡಲೆಂದೇ ನಾನು ಎಷ್ಟೋ ಸಲ ಹೋಗಿದ್ದೇನೆ. ಗುಂಬಜ್ ಸುತ್ತ ಇದ್ದ ಲಾಲ್‌ಬಾಗ್ ಇನ್ನೂ ದೊಡ್ಡದು. ಅಲ್ಲಿ ಸಾಲಾಗಿ ಸೈಪ್ರಸ್ ಮರಗಳಿದ್ದವು. 1792ರ ಮುತ್ತಿಗೆಯಲ್ಲಿ ಇಂಗ್ಲಿಷರು ಆ ಮರಗಳನ್ನು ಕಡಿದು, ಕೊಂಬೆ ಕಟ್ಟು ಕಟ್ಟಿ, ತಮ್ಮ ಫಿರಂಗಿಗಳಿಗೆ ಮರೆ ಮಾಡಿಕೊಂಡರು. ಗಿಡ ಮಾರಿ ಬದುಕುವ ನನಗೆ ಇದನ್ನು ಓದಿದಾಗ ಹೊಟ್ಟೆ ತೊಳೆಸಿದ ಹಾಗಾಯ್ತು. ಒಂದು ಸೈಪ್ರಸ್ ಆಳೆತ್ತರ ಬರಲು ಎಷ್ಟು ವರ್ಷ ನೀರು ಹೊರಬೇಕು ಅಂತ ನನಗೆ ಗೊತ್ತು.

ಭಾವ ನಾಗಾಲ್ಯಾಂಡಿನಲ್ಲಿ ಕೆಲಸ ಮಾಡುತ್ತಿದ್ದಾಗ ಕೊಹಿಮಾದ ಯುದ್ಧ ಸ್ಮಶಾನ ತೋರಿಸಿದ್ದರು. 1944ರಲ್ಲಿ ಜಪಾನಿ ಸೈನ್ಯವನ್ನು ತಡೆದ ಗುಡ್ಡ ಅದು. ಮೆಟ್ಟಿಲು ಮೆಟ್ಟಿಲಾಗಿ 1,420 ಸಮಾಧಿ, ಅವುಗಳ ನಡುವೆ ಹೂವಿನ ಗಿಡಗಳು. ದಹನವಾದ 917 ಹಿಂದೂ ಮತ್ತು ಸಿಖ್ ಯೋಧರ ಹೆಸರಿಗೆ ಬೇರೆ ಸ್ಮಾರಕ. ಅಲ್ಲಿ ಒಂದು ಟೆನಿಸ್ ಅಂಕಣದ ಆಚೆ ಈಚೆ ನಿಂತು ಎರಡು ಸೈನ್ಯ ಹೊಡೆದಾಡಿದ್ದವು. ಆ ಅಂಕಣದ ಗೆರೆಗಳನ್ನು ಇವತ್ತಿಗೂ ನೆಲದಲ್ಲಿ ಉಳಿಸಿದ್ದಾರೆ. ಆ ಬಿಳಿ ಗೆರೆ ದಾಟುವಾಗ ನನ್ನ ಕಾಲು ತಾನಾಗಿ ನಿಧಾನವಾಯ್ತು. ನಮ್ಮಲ್ಲೂ ಹೊಳೆ ದಡದಿಂದ ಒಡೆದ ಗೋಡೆವರೆಗೆ, ಅಲ್ಲಿಂದ ಟಿಪ್ಪುವಿನ ಹೆಣ ಸಿಕ್ಕಿದ ಜಾಗದವರೆಗೆ ನೆಲದಲ್ಲಿ ಕಲ್ಲಿನ ಗೆರೆ ಹಾಕಿಸಬಹುದು. ಪಕ್ಕದಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಸಾಕು. ಶಾಲಾ ಪ್ರವಾಸದ ಬಸ್ಸುಗಳು ದೇವಸ್ಥಾನ, ಸೆರೆಮನೆ, ದರಿಯಾ ದೌಲತ್, ಸಂಗಮ ಅಂತ ಓಡುತ್ತವೆ. ಒಡೆದ ಗೋಡೆ ಹತ್ತಿರ ಮಕ್ಕಳು ಇಳಿಯುವುದನ್ನು ನಾನು ನೋಡಿದ್ದು ತುಂಬ ಕಮ್ಮಿ.

ಗಿಡಗಳ ವಿಷಯ ನನಗೆ ಬಿಡಿ. ಕೋಟೆ ಗೋಡೆ ಹತ್ತಿರ ಆಲ, ಅರಳಿ ಯಾವ ಕಾರಣಕ್ಕೂ ಬೇಡ, ಬೇರು ಕಲ್ಲಿನ ಸಂದಿಗೆ ಇಳಿದರೆ ಫಿರಂಗಿಗಿಂತ ಹೆಚ್ಚು ಒಡೆಯುತ್ತದೆ. ಗೋಡೆಯಿಂದ ದೂರದಲ್ಲಿ ಹೊಳೆ ಕಡೆಗೆ ಹೊಳೆಮತ್ತಿ, ಹೊಂಗೆ ಹಾಕೋಣ. ಕಾವೇರಿ ದಡಕ್ಕೆ ಅವು ಒಗ್ಗಿದ ಮರಗಳು. ಮೇ ತಿಂಗಳ ಬಿಸಿಲಲ್ಲಿ ಹೊಂಗೆಯ ನೆರಳಿನಷ್ಟು ತಂಪು ಬೇರೆ ಇಲ್ಲ. ಒಳಗೆ ನಂದಿಬಟ್ಟಲು, ಕಣಗಿಲೆ, ದಾಸವಾಳ. ಹುಲ್ಲುಹಾಸು ಬೇಡ. ಅದಕ್ಕೆ ನೀರು ಜಾಸ್ತಿ, ಕೂಲಿಯೂ ಜಾಸ್ತಿ, ನಾಲ್ಕು ತಿಂಗಳು ಯಾರೂ ನೋಡದಿದ್ದರೆ ಒಣಗಿ ಹೋಗುತ್ತದೆ. ವೀರಗಲ್ಲಿನ ಸುತ್ತ ಮಾತ್ರ ಪಾರಿಜಾತ. ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ತಾನಾಗಿ ಕಲ್ಲಿನ ಬುಡಕ್ಕೆ ಬೀಳುತ್ತದೆ. ಹೂವಿಡುವ ಮನೆಯವರು ಯಾರೆಂದು ಗೊತ್ತಿಲ್ಲದವರಿಗೆ ಮರವೇ ದಿನಾ ಹೂವಿಡುತ್ತದೆ.

ರೈಲ್ವೆ ಜೋಡಿಹಳಿ ಬಂದಾಗ, 2017ರಲ್ಲಿ, ಟಿಪ್ಪು ಕಾಲದ ಮದ್ದಿನಮನೆಯನ್ನು ಬುಡಸಮೇತ ಎತ್ತಿ ನೂರು ಮೀಟರಿಗಿಂತ ದೂರ ಸರಿಸಿ ಉಳಿಸಿಕೊಂಡೆವು. ಇಡೀ ಊರು ನಿಂತು ನೋಡಿತ್ತು. ಅಷ್ಟು ದೊಡ್ಡ ಕೆಲಸ ಆದ ಊರಲ್ಲಿ ಇದು ಆಗದ ಕೆಲಸ ಏನಲ್ಲ. ಒಂದು ಸಭೆ ಕರೆಯಿರಿ. ಜಾಗ ಯಾವುದು, ಯಾರ ಅನುಮತಿ ಬೇಕು, ನೀರು ಎಲ್ಲಿಂದ, ಕಾಯುವವರು ಯಾರು, ಇವನ್ನು ಅಲ್ಲೇ ಬರೆದುಕೊಳ್ಳೋಣ. ಕರೆದರೆ ನಾನೂ ಭಾವನೂ ಬರುತ್ತೇವೆ. ಅಜ್ಜಿಯ ಜಾಡಿ ಮೇಲಿನ ಗುಂಡನ್ನೂ ತರುತ್ತೇನೆ. ಇಟ್ಟುಕೊಳ್ಳಲು ತಕ್ಕ ಜಾಗ ಮಾಡಿದರೆ ಅದನ್ನು ಅಲ್ಲೇ ಕೊಟ್ಟು ಬರುತ್ತೇನೆ.

ಮುಂಗಾರಿಗೆ ಮೊದಲು ಗುಂಡಿ ತೆಗೆದಿಟ್ಟರೆ ಮೊದಲ ಮಳೆಗೇ ಗಿಡ ಬೇರು ಹಿಡಿಯುತ್ತವೆ. ನನ್ನ ನರ್ಸರಿಯ ಹಿಂದಿನ ಸಾಲಿನಲ್ಲಿ ಪಾರಿಜಾತದ ನಲವತ್ತು ಸಸಿ ಬೇರೆ ಎತ್ತಿಟ್ಟಿದ್ದೇನೆ. ಈಗ ಮೊಣಕಾಲೆತ್ತರ ಬಂದಿವೆ. ಕೇಳಿದವರಿಗೆ ಮಾರಾಟಕ್ಕಿಲ್ಲ ಅಂತ ಹೇಳುತ್ತಿದ್ದೇನೆ.

ಇಂತಿ ನಮಸ್ಕಾರಗಳು,
ಅರಕೆರೆ ಕಡೆಯ ನರ್ಸರಿಯವನು