ಹಿನ್ನೀರಿನಲ್ಲಿ ಮುಳುಗಿದ ನನ್ನ ಪೇಪರ್

ಲೋ ಮಾರಾಯಾ,

ಪತ್ರ ಬರಿ ಅಂದೆ, ಬರೆಯುತ್ತಿದ್ದೇನೆ. ಎಲ್ಲರೂ ಓದುವ ಕಡೆ ಹಾಕಿದ ಅಂತ ಬೈಬೇಡ. ನಾಲ್ಕು ಜನ ನೋಡುತ್ತಿದ್ದರೆ ಮಾತ್ರ ನನ್ನ ಅಕ್ಷರ ನೆಟ್ಟಗಾಗೋದು, ಅದು ಎಂಟನೇ ಕ್ಲಾಸಿನ ಛತ್ರಿ ಪ್ರಕರಣದಿಂದಲೇ ನಿನಗೆ ಗೊತ್ತು.

ಹೋದ ವಾರ ಇನ್ನೊಂದು ಕೆಲಸಕ್ಕೆ ಅರ್ಜಿ ತುಂಬುತ್ತಿದ್ದೆ. ನಿಮ್ಮ ಮುಖ್ಯ ಸಂಶೋಧನಾ ಪೇಪರ್ ಯಾವುದು ಅಂತ ಒಂದು ಕಾಲಂ. ಕೈ ತಾನಾಗಿ 2018ರದ್ದನ್ನೇ ಬರೆಯಿತು. ಆ ವರ್ಷ ಮಾರ್ಚ್‌ನಲ್ಲಿ, ಆಸ್ಟ್ರೇಲಿಯಾದಲ್ಲಿ ಎಡ್ಜೆಸ್ ಅನ್ನೋ ಆಂಟೆನಾ ಇಟ್ಟವರು ಮೊದಲ ನಕ್ಷತ್ರಗಳ ಗುರುತು ಸಿಕ್ಕಿತು ಅಂದಿದ್ದರಲ್ಲ, ಬಿಗ್ ಬ್ಯಾಂಗ್ ಆಗಿ 18 ಕೋಟಿ ವರ್ಷದ ಹೊತ್ತಿನದು. ಹೈಡ್ರೋಜನ್‌ನ 21 ಸೆಂಟಿಮೀಟರ್ ಅಲೆ ಹಿಗ್ಗಿ ಹಿಗ್ಗಿ ನಮ್ಮ ಹತ್ತಿರ ಬರುವಷ್ಟರಲ್ಲಿ 78 ಮೆಗಾಹರ್ಟ್ಸ್‌ಗೆ ಇಳಿದಿರುತ್ತೆ, ಎಫ್‌ಎಂ ರೇಡಿಯೊದ ಪಕ್ಕದ ಮನೆ. ಅಲ್ಲಿ ಅಲೆಯ ಬಲ ಕುಸಿದು ಒಂದು ಗುಂಡಿ ಕಂಡಿತ್ತು. ಲೆಕ್ಕದ ಎರಡು ಪಟ್ಟಿಗಿಂತ ಆಳ. ಯಾಕಿಷ್ಟು ಆಳ ಅಂತ ಹೇಳೋಕೆ ನಾವು ಥಿಯರಿಯವರು ಮದುವೆಮನೆಯ ಮೊದಲ ಪಂಕ್ತಿಗೆ ನುಗ್ಗಿದ ಹಾಗೆ ನುಗ್ಗಿದೆವು. ಡಾರ್ಕ್ ಮ್ಯಾಟರ್, ಅಂದ್ರೆ ಕಣ್ಣಿಗೆ ಕಾಣದ ದ್ರವ್ಯ, ಹೈಡ್ರೋಜನ್ನನ್ನು ತಣ್ಣಗೆ ಮಾಡಿತು, ಅದಕ್ಕೇ ಗುಂಡಿ ಇಷ್ಟು ಆಳ ಅಂದರು ಕೆಲವರು. ನಾನೂ ಒಂದು ಎಲೆ ಮುಂದೆ ಕೂತೆ.

ಆಮೇಲೆ 2020ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಅದೇ ಅಲೆ ಹುಡುಕುವ ತಮ್ಮ ಸರಸ್ 3 ಆಂಟೆನಾವನ್ನು ನೀರಿನ ಮೇಲೆ ತೇಲಿಬಿಟ್ಟರು. ನೆಲದ ಮೇಲಿಟ್ಟರೆ ಕೆಳಗಿನ ಮಣ್ಣು, ಕಲ್ಲಿನ ಪದರಗಳು ದಾರಿ ತಪ್ಪಿಸುತ್ತವೆ, ನೀರಾದರೆ ಒಂದೇ ಸಮ. ಎಲ್ಲಿ ಗೊತ್ತಾ? ಒಂದು ದಂಡಿಗಾನಹಳ್ಳಿ ಕೆರೆ, ಇನ್ನೊಂದು ನಮ್ಮ ಶರಾವತಿ ಹಿನ್ನೀರು! ಅಜ್ಜಿಯ ತೋಟ ನುಂಗಿದ ಅದೇ ನೀರು. 2022ರ ಫೆಬ್ರವರಿಯಲ್ಲಿ ಫಲಿತಾಂಶ ಬಂತು. ಆ ಗುಂಡಿ ಅಲ್ಲಿಲ್ಲ, ಶೇ 95.3 ಖಾತ್ರಿ.

ಎಲ್ಲರ ಮುಂದೆ 'ವಿಜ್ಞಾನ ಅಂದ್ರೆ ಇದೇ ಅಲ್ವಾ' ಅಂದೆ. ಒಳಗೊಳಗೆ ಅವರದ್ದೇ ತಪ್ಪಿರಲಿ ಅಂತ ಬೇಡಿಕೊಂಡೆ. ಎರಡು ತಿಂಗಳು ಕೂತು ತಪ್ಪು ಹುಡುಕಿದೆ, ಸಿಗಲಿಲ್ಲ, ಹುಡುಕಿದ್ದನ್ನು ಯಾರಿಗೂ ಹೇಳಲೂ ಇಲ್ಲ. ಪಿಎಚ್‌ಡಿ ಆದಮೇಲಿನ ತಾತ್ಕಾಲಿಕ ಸಂಶೋಧನೆ ಕೆಲಸ, ಪೋಸ್ಟ್‌ಡಾಕ್, ಮೂರು ಮುಗಿದವು, ನಲವತ್ತು ಹತ್ತಿರ ಬಂತು, ನನ್ನ ಪೇಪರ್‌ಗಳಲ್ಲಿ ಜಾಸ್ತಿ ಜನ ಓದಿದ್ದು ಇಲ್ಲದ ಗುಂಡಿಯ ಬಗ್ಗೆ ಬರೆದದ್ದನ್ನ. ಹೋದ ವಾರವೂ ಅದನ್ನು ಅಳಿಸಲಿಲ್ಲ ಕಣೋ, ಹಾಗೇ ಕಳಿಸಿಬಿಟ್ಟೆ. ಅಪ್ಪ ಈಗಲೂ ಸೊಸೈಟಿ ಕಟ್ಟೆಯಲ್ಲಿ 'ಮಗ ಮೊದಲನೇ ನಕ್ಷತ್ರ ಹುಡುಕಿದ' ಅನ್ನುತ್ತಾರಂತೆ. ತಿದ್ದೋಕೆ ಬಾಯಿ ಬಂದಿಲ್ಲ.

ಸಾಕು, ಜಾಸ್ತಿ ಆಯ್ತು. ಉಳಿದ ಶೇ 4.7 ನನ್ನ ಪಾಲಿಗಿರಲಿ ಬಿಡು, ಅಡಿಕೆ ರೇಟಿನ ಮೇಲೆ ನೀನು ಇಟ್ಟ ನಂಬಿಕೆಗಿಂತ ಅದೇ ವಾಸಿ. ಬರುವಾಗ ಅಪ್ಪೆಮಿಡಿ ತಾ, ಡಬ್ಬಿ ಗಟ್ಟಿಯಾಗಿ ಮುಚ್ಚು. ಹೋದ ಸಲದ ಉಪ್ಪಿನಕಾಯಿ ರಸ ನನ್ನ ನೋಟ್‌ಬುಕ್ಕಿನಲ್ಲಿ ಇನ್ನೂ ಇದೆ. ಅದರ ಗುರುತಿಗೆ ಯಾವ ಆಂಟೆನಾವೂ ಬೇಡ.

ನಿನ್ನ,
ಛತ್ರಿ