ಮಗ್ಗದ ಮೇಲಿದ್ದ ಅರ್ಧ ಸೀರೆ

ಹೋದ ಭಾನುವಾರಕ್ಕೆ ಅಪ್ಪ ತೀರಿಕೊಂಡು ಒಂದು ವರ್ಷವಾಯಿತು. ವರ್ಷದ ಪ್ರಾರ್ಥನೆಗೆ ಬಂದವರನ್ನು ನಾನು ಸರಿಯಾಗಿ ಮಾತಾಡಿಸಲಿಲ್ಲ. ಬಾಗಿಲಲ್ಲಿ ನಿಂತು ಕೈ ಮುಗಿದೆ, ಅಷ್ಟೇ. ಹೇಳಬೇಕಿದ್ದದ್ದು ಜಾಸ್ತಿ ಇತ್ತು.

ಹದಿನಾಲ್ಕು ತಿಂಗಳು ಡಯಾಲಿಸಿಸ್. ಬೆಳಗಾವಿಯ ವಡಗಾವಿಯಿಂದ ವಾರಕ್ಕೆರಡು ಸಲ ಆಟೋದಲ್ಲಿ ಕರೆದೊಯ್ದ ಅಣ್ಣ, ಕಾದದ್ದಕ್ಕೆ ಒಂದು ದಿನವೂ ದುಡ್ಡು ಕೇಳಲಿಲ್ಲ. ರಕ್ತ ಕೊಟ್ಟ ನಮ್ಮ ಚರ್ಚಿನ ಹುಡುಗರು, ರೊಟ್ಟಿ ಕಟ್ಟಿಕೊಂಡು ಬಂದ ಓಣಿಯ ಅಕ್ಕಂದಿರು, ನಿಮ್ಮೆಲ್ಲರ ಋಣ ನಮ್ಮ ಮೇಲಿದೆ.

ಎದುರು ಮನೆಯ ಕಾಕಾ ಮಾಡಿದ್ದನ್ನು ಮಾತ್ರ ಬಿಡಿಸಿ ಹೇಳಲೇಬೇಕು. ಅಪ್ಪ ಹೋದಾಗ ಮಗ್ಗದ ಮೇಲೆ ಅರ್ಧ ಸೀರೆ ಉಳಿದಿತ್ತು. ಆ ಕೋಣೆಯ ಬಾಗಿಲು ತೆಗೆಯಲೂ ಅವ್ವನಿಗೆ ಆಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಕಾಕಾ ಬಂದು, "ಹಿಂಗ ಬಿಡಬಾರದವ್ವಾ, ನಾ ಮುಗಸ್ತೀನಿ" ಎಂದು ಮಗ್ಗ ಚಾಲೂ ಮಾಡಿದರು. ಸೀರೆ ಮುಗಿಸಿ, ಮಜೂರಿ ತಂದು ಅವ್ವನ ಕೈಗಿಟ್ಟರು. ಅವರು ಆಷಾಢದಲ್ಲಿ ಪಂಢರಪುರಕ್ಕೆ ನಡೆದು ಹೋಗುವವರು. ನಮ್ಮ ಪ್ರಾರ್ಥನೆಗೂ ಬಂದು ಹಿಂದಿನ ಸಾಲಲ್ಲಿ ಕೂತಿದ್ದರು.

ಇನ್ನೊಂದು ಮಾತು. ಚರ್ಚಿನ ಸಂಡೇ ಸ್ಕೂಲಿನಲ್ಲಿ ಯೇಸುಸ್ವಾಮಿ ಸತ್ತು ಮತ್ತೆ ಎದ್ದುಬಂದ ಪುನರುತ್ಥಾನದ ಪಾಠ ಹೇಳಿಕೊಡುತ್ತಿದ್ದವಳು ನಾನು. ಅಪ್ಪನ ಪೆಟ್ಟಿಗೆಯ ಮೇಲೆ ಮಣ್ಣು ಹಾಕುವಾಗ ಅದರಲ್ಲಿ ಒಂದು ಮಾತೂ ನನಗೆ ಆಸರೆಯಾಗಲಿಲ್ಲ. ಸತ್ತವರು ಏಳುತ್ತಾರಾ? ತಿಂಗಳುಗಟ್ಟಲೆ ಇದೇ ಪ್ರಶ್ನೆ. ಹಾಡುವಾಗ ಬರೀ ತುಟಿ ಆಡಿಸುತ್ತಿದ್ದೆ.

ನಮ್ಮ ಚರ್ಚಿನ ಪಾಸ್ಟರ್ ಅಯ್ಯನವರ ಮುಂದೆ ಅತ್ತು ಹೇಳಿಕೊಂಡೆ. ಅವರು ಬೈಯಲಿಲ್ಲ. ಬೈಬಲಿನಲ್ಲಿ ಮತ್ತಾಯನ ಸುವಾರ್ತೆಯ 28ನೇ ಅಧ್ಯಾಯ ತೆಗೆದು 17ನೇ ವಚನದ ಮೇಲೆ ಬೆರಳಿಟ್ಟರು. ಗಲಿಲಾಯದ ಬೆಟ್ಟದಲ್ಲಿ ಹನ್ನೊಂದು ಶಿಷ್ಯರು ಎದ್ದುಬಂದ ಸ್ವಾಮಿಯನ್ನು ಕಂಡು ಅಡ್ಡಬಿದ್ದರು, ಆದರೆ ಕೆಲವರು ಸಂದೇಹಪಟ್ಟರು. ಕಣ್ಣಾರೆ ಕಂಡವರೇ! ಅವರನ್ನು ಸ್ವಾಮಿ ಬೇರೆ ನಿಲ್ಲಿಸಲಿಲ್ಲ. ಲೋಕದ ಕೊನೆಯವರೆಗೂ ನಿಮ್ಮ ಸಂಗಡ ಇರುತ್ತೇನೆ ಎಂದದ್ದು ಅವರಿಗೂ ಸೇರಿಸಿಯೇ. ಎಷ್ಟು ಸಲ ಓದಿದ್ದೆ, ಆ ಸಾಲು ಕಣ್ಣಿಗೆ ಬಿದ್ದೇ ಇರಲಿಲ್ಲ.

ಆಮೇಲೆ ನಾನೇ ಯೋಹಾನನ 20ನೇ ಅಧ್ಯಾಯ ಓದಿದೆ. ಕಾಣದೆ ನಂಬುವುದಿಲ್ಲ ಎಂದಿದ್ದ ಶಿಷ್ಯ ತೋಮನಿಗೆ ಸ್ವಾಮಿ ತೋರಿಸಿದ್ದು ಕೈಯ ಗಾಯ. ಸಾವನ್ನು ಗೆದ್ದ ಮೈಯಲ್ಲೂ ಮೊಳೆಯ ಗುರುತು ಹಾಗೇ ಇತ್ತು, ಅಲ್ವಾ? ಅಪ್ಪನ ಎಡಗೈ ನೆನಪಾಯಿತು. ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ ಜಾಗ ಉಬ್ಬಿ, ಸೂಜಿ ಚುಚ್ಚಿ ಚುಚ್ಚಿ ಕಪ್ಪಾಗಿತ್ತು. ಕೊನೆಕೊನೆಗೆ ಯಾರಿಗೂ ಕಾಣದ ಹಾಗೆ ಟವೆಲ್ ಮುಚ್ಚಿಕೊಳ್ಳುತ್ತಿದ್ದರು. ಆ ಕೈಯನ್ನೂ ದೇವರು ಬಲ್ಲ ಅನ್ನಿಸಿತು. ಅಂದು ರಾತ್ರಿ ಬಹಳ ದಿನದ ಮೇಲೆ ನಿದ್ದೆ ಬಂತು.

ಸಂದೇಹ ಪೂರ್ತಿ ಹೋಗಿದೆ ಅನ್ನಲಾರೆ. ಆದರೆ ಈ ಸಲದ ಈಸ್ಟರ್‌ಗೆ ನಸುಕಿನಲ್ಲೇ ಎದ್ದು ಅವ್ವನ ಜೊತೆ ಸಮಾಧಿಗೆ ಹೋದೆ. ಸುವಾರ್ತೆ ಸಾರಲು ಲಂಡನ್ ಮಿಷನ್‌ನ ಪಾದ್ರಿಗಳು ಬೆಳಗಾವಿಗೆ ಬಂದದ್ದು 1820ರಲ್ಲಿ. ಅಂದಿನಿಂದ ಎಷ್ಟು ಮನೆಯವರು ಇದೇ ಪ್ರಶ್ನೆ ಇಟ್ಟುಕೊಂಡು ತಮ್ಮವರ ಮಣ್ಣಿನ ಮುಂದೆ ನಿಂತಿರಬೇಕು! ಮೇಣದಬತ್ತಿ ಹಚ್ಚಿದೆವು. ಹಾಡು ಶುರುವಾದಾಗ ನನ್ನ ದನಿಯೂ ಹೊರಟಿತು. ಅವ್ವ ತಿರುಗಿ ನೋಡಿದಳು.

ಮೊನ್ನೆ ಮಗ್ಗಕ್ಕೆ ಹೊಸ ಹಾಸು ಏರಿಸಿದೆವು. ಎಳೆ ಜೋಡಿಸಿಕೊಡಲು ಕಾಕಾನೇ ಬಂದಿದ್ದರು.