ಸ್ವಿಚ್ ಒತ್ತುವ ಮುನ್ನ ಎರಡು ನಿಮಿಷ

ಮಾನ್ಯ ಸಂಪಾದಕರೇ,

ಪಿಯು ವಿಜ್ಞಾನ ಬೋಧನೆಯ ಮಾತು ಬಂದಾಗಲೆಲ್ಲ ಲ್ಯಾಬ್, ಅನುದಾನ, ಸ್ಮಾರ್ಟ್ ಬೋರ್ಡ್ ಎನ್ನುತ್ತೇವೆ. ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಪ್ರಯೋಗ ತೋರಿಸಿಬಿಟ್ಟರೆ ಮಕ್ಕಳಿಗೆ ಅರ್ಥವಾಗುತ್ತದೆ ಎಂಬ ನಂಬಿಕೆ ಪೊಳ್ಳು. ಹಾರ್ವರ್ಡ್‌ನ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್ ತಂಡ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಾತ್ಯಕ್ಷಿಕೆಯನ್ನು ಸುಮ್ಮನೆ ನೋಡಿದವರಿಗೆ ನೋಡದವರಿಗಿಂತ ಹೆಚ್ಚೇನೂ ತಿಳಿದಿರಲಿಲ್ಲ. ಏನಾಗಬಹುದೆಂದು ಮೊದಲೇ ಊಹಿಸಿದವರು ಮಾತ್ರ ಮುಂದಿದ್ದರು.

ದ್ವಿತೀಯ ಪಿಯುಸಿಯ ವಿದ್ಯುತ್ ಪಾಠವನ್ನೇ ತೆಗೆದುಕೊಳ್ಳಿ. ಒಂದೇ ಬಗೆಯ ಐದು ಬಲ್ಬು, ಒಂದೇ ಬಗೆಯ ಮೂರು ಬ್ಯಾಟರಿ, ಸರ್ಕೀಟಿಗೆ ಒಂದೊಂದು. ಎ ಒಂಟಿ, ಬಿ, ಸಿ ಸರಣಿಯಲ್ಲಿ (ಒಂದರ ಹಿಂದೊಂದು), ಡಿ, ಇ ಸಮಾಂತರದಲ್ಲಿ (ಎರಡೂ ನೇರ ಬ್ಯಾಟರಿಗೆ). ಯಾವುದು ಹೆಚ್ಚು ಪ್ರಕಾಶಮಾನ? ಎ, ಡಿ, ಇ ಮೂರೂ ಸಮ. ಬಿ, ಸಿ ಮಂಕು, ಆದರೆ ತಮ್ಮಲ್ಲಿ ಸಮ. ಅಮೆರಿಕದ ಮ್ಯಾಕ್‌ಡರ್ಮಟ್ ಮತ್ತು ಶಾಫರ್ 1992ರಲ್ಲಿ ವರದಿ ಮಾಡಿದಂತೆ, ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲೇ ಸರಿಯುತ್ತರ ಕೊಟ್ಟವರು ಶೇ 15ರಷ್ಟು. ‘ಬಿ ಮೊದಲು ಕರೆಂಟ್ ತಿನ್ನುತ್ತದೆ, ಸಿಗೆ ಉಳಿದದ್ದು’ ಎಂಬ ಕಲ್ಪನೆ ಕಿರ್ಕಾಫ್ ನಿಯಮದ ಲೆಕ್ಕ ಬಿಡಿಸುವವರಲ್ಲೂ ಗಟ್ಟಿಯಾಗಿ ಕೂತಿರುತ್ತದೆ.

ಇದನ್ನು ಮಾಡಿ ತೋರಿಸಲು 2.5 ವೋಲ್ಟಿನ ಹಳೇ ಕಾಲದ ಟಾರ್ಚ್ ಬಲ್ಬು (ಎಲ್‌ಇಡಿ ನಡೆಯದು) ಏಳೆಂಟು ತನ್ನಿ; ಪ್ರತಿ ಸರ್ಕೀಟಿಗೆ ಎರಡರಂತೆ ಆರು ಹೊಸ ದೊಡ್ಡ ಸೆಲ್ಲು ಸಾಕು. ಹಿಂದಿನ ದಿನವೇ ಬಲ್ಬುಗಳನ್ನು ಎರಡೆರಡಾಗಿ ಸರಣಿಯಲ್ಲಿ ಹಚ್ಚಿ, ಸಮನಾಗಿ ಉರಿಯುವ ಐದನ್ನು ಆರಿಸಿ. ಹಳೆಯ ಸೆಲ್ ಬಳಸಿದರೆ ಕೆಟ್ಟಿತು. ಸಮಾಂತರ ಜೋಡಿ ಹೆಚ್ಚುಕಡಿಮೆ ಎರಡರಷ್ಟು ಕರೆಂಟ್ ಎಳೆಯುತ್ತದೆ, ಸೆಲ್ಲಿನ ಆಂತರಿಕ ರೋಧದಲ್ಲೇ (ಕರೆಂಟಿಗೆ ಸೆಲ್ಲೊಳಗೇ ಇರುವ ತಡೆ) ವೋಲ್ಟೇಜ್ ಬಿದ್ದು ಡಿ, ಇ ಮಂಕಾಗುತ್ತವೆ. ‘ನೋಡಿ ಸಾರ್, ಕರೆಂಟ್ ಹಂಚಿಹೋಯಿತು’ ಎಂದು ಹಿಂದಿನ ಬೆಂಚು ತನ್ನ ತಪ್ಪನ್ನೇ ಸಾಧಿಸಿಕೊಳ್ಳುತ್ತದೆ! ಕರೆಂಟ್ ಅಳೆಯುವ ಅಮ್ಮೀಟರ್ ಇಟ್ಟರೆ ಇನ್ನೊಂದು ಪೇಚು: ಸರಣಿಯಲ್ಲಿ ಕರೆಂಟ್ ಒಂಟಿ ಬಲ್ಬಿನದರ ಸರಿಯಾಗಿ ಅರ್ಧವಾಗದೆ ಅದಕ್ಕಿಂತ ಹೆಚ್ಚೇ ಬರುತ್ತದೆ. ಫಿಲಮೆಂಟ್ ಅಷ್ಟು ಕಾಯದೆ ಅದರ ರೋಧ ಕಡಿಮೆಯಾಗಿರುವುದೇ ಕಾರಣ, ಉಪಕರಣದ ದೋಷವಲ್ಲ.

ಸ್ವಿಚ್ ಒತ್ತುವ ಮೊದಲು ಪ್ರತಿಯೊಬ್ಬರೂ ಉತ್ತರವನ್ನೂ ಒಂದು ಸಾಲಿನ ಕಾರಣವನ್ನೂ ಪೆನ್ನಿನಲ್ಲೇ ಬರೆಯಲಿ. ಕೈ ಎತ್ತಿಸಿದರೆ ಮೊದಲ ಬೆಂಚಿನ ಜಾಣನನ್ನು ಇಡೀ ತರಗತಿ ಹಿಂಬಾಲಿಸುತ್ತದೆ. ಬರೆಸದಿದ್ದರೆ ‘ನಾನೂ ಹಾಗೇ ಅಂದುಕೊಂಡಿದ್ದೆ’ ಎನ್ನುವುದು ಸುಲಭ. ಮಜೂರ್ ಅವರ ಲೆಕ್ಕದಲ್ಲಿ, ಸರಿಯುತ್ತರ ಶೇ 30ರಿಂದ 70ರ ನಡುವೆ ಇದ್ದರೆ ಅಕ್ಕಪಕ್ಕದವರು ವಾದಿಸಲಿ, ಅದಕ್ಕೂ ಕಡಿಮೆಯಿದ್ದರೆ ಪಾಠವನ್ನೇ ಮತ್ತೆ ಮಾಡಬೇಕು. ಅಷ್ಟು ಹೊತ್ತೂ ಉಪನ್ಯಾಸಕರ ಮುಖ ಉತ್ತರ ಹೇಳಬಾರದು. ಇದೇ ಎಲ್ಲಕ್ಕಿಂತ ಕಷ್ಟ.

ಪರೀಕ್ಷೆಯಲ್ಲಿ ಕೇಳದ್ದನ್ನು ಯಾರೂ ಮಾಡಿಸುವುದಿಲ್ಲ ಎಂಬುದೂ ಗೊತ್ತು. ಹಾಗಾಗಿ ಪ್ರಾಯೋಗಿಕ ಪರೀಕ್ಷೆಯ 30 ಅಂಕಗಳಲ್ಲಿ ಎರಡನ್ನಾದರೂ ಮಂಡಳಿ ಊಹೆ ಮತ್ತು ಕಾರಣಕ್ಕೆ ಮೀಸಲಿಡಲಿ. ರೋಧ ಅಳೆಯುವ ಮೀಟರ್ ಬ್ರಿಡ್ಜ್‌ನ ತಂತಿಗೆ ಜಾಕಿ (ಸರಿಸುತ್ತ ತಾಗಿಸುವ ಮೊನೆ) ತಾಗಿಸುವ ಮುನ್ನ, ‘ಎಡಗಡೆ ಪೆಟ್ಟಿಗೆಯ ರೋಧ ಹೆಚ್ಚಿಸಿದರೆ ಶೂನ್ಯ ಬಿಂದು (ಮೀಟರಿನ ಮುಳ್ಳು ಸೊನ್ನೆಗೆ ನಿಲ್ಲುವ ಜಾಗ) ಯಾವ ಕಡೆ ಸರಿಯುತ್ತದೆ, ಯಾಕೆ?’ ಎಂದು ಕೇಳಿದರೆ ಸಾಕು. ಪಕ್ಕದವರ ರೆಕಾರ್ಡ್‌ನಿಂದ ಅಂಕಿ ಇಳಿಸಿಕೊಂಡವರು ಅಲ್ಲೇ ತಡವರಿಸುತ್ತಾರೆ.

— ಪಿಯು ಭೌತವಿಜ್ಞಾನ ಉಪನ್ಯಾಸಕ